ನಿಂಬೆಹಣ್ಣಿಗೆ ಚುಚ್ಚಿದ ಸೂಜಿ

ಮಾವನವರಿಗೆ, ಸೊಸೆ ಹುಲಿಗೆಮ್ಮನ ಶರಣು.

ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯಿರಿ ಅಂತ ಶುರು ಮಾಡುವುದು ರೂಢಿ. ನೀವು ಬರೆಯುವ ಹಾಗಿಲ್ಲ, ನಾನು ಎಲ್ಲರೂ ಕ್ಷೇಮ ಅನ್ನುವ ಹಾಗೂ ಇಲ್ಲ. ನೀವು ಹೋದ ಮೇಲೆ ನಿಮ್ಮ ಮಗನಿಗೂ ಶುಗರ್ ಬಂತು. ಇಷ್ಟು ದಿನ ಮಾತ್ರೆಯಲ್ಲಿ ನಡೆಯುತ್ತಿತ್ತು. ಈಗ ಕಣ್ಣಿಗೆ ಇಳಿಯುತ್ತಿದೆ, ಮಾತ್ರೆ ಸಾಲದು, ಇನ್ಸುಲಿನ್ ಸೂಜಿ ಶುರು ಮಾಡಬೇಕು ಅಂತ ಡಾಕ್ಟರು ಅಂದಿದ್ದಾರೆ. ನಿಮ್ಮ ಮಗ ಒಲ್ಲೆ ಅಂದರು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅಂತಾರೆ. ಅಪ್ಪನಂತೆ ಮಗ ಅನ್ನುವುದಕ್ಕೆ ನಮ್ಮ ಮನೆಯಲ್ಲಿ ಗಾದೆ ಬೇಕಾಗಿಲ್ಲ. ನಿಮ್ಮನ್ನು ಒಪ್ಪಿಸಿದ ಹಾಗೇ ಇವರನ್ನೂ ಒಪ್ಪಿಸಿದರಾಯಿತು ಅಂದುಕೊಂಡೆ. ಅದಕ್ಕೇ ನಿಮ್ಮದೆಲ್ಲ ಒಂದೊಂದಾಗಿ ನೆನಪು ಮಾಡಿಕೊಳ್ಳುತ್ತಾ ಕೂತೆ.

ನಿಮ್ಮ ಅಂಗಾಲಿನಿಂದ ಅತ್ತೆ ಸೂಜಿಯ ತುಂಡು ಎಳೆದು ತೆಗೆದ ಸಂಜೆ ನೆನಪಿದೆಯಲ್ಲ? ಜೀನ್ಸ್ ಪ್ಯಾಂಟಿಗೆ ಬೆಲ್ಟ್ ಪಟ್ಟಿ ಕೂಡಿಸುವಾಗ ದಪ್ಪ ಬಟ್ಟೆಗೆ ಸಿಕ್ಕು ಸೂಜಿ ಮುರಿಯುವುದು, ಮನೆಮನೆಯಲ್ಲೂ ಜೀನ್ಸ್ ಹೊಲಿಯುವ ನಮ್ಮ ರಾಯದುರ್ಗದಲ್ಲಿ ಒಂದು ಸುದ್ದಿಯೇ ಅಲ್ಲ. ಮಿಷನ್ ಅಂದರೆ ಲಕ್ಷ್ಮಿ ಅಂತ ನೀವು ಬರಿಗಾಲಲ್ಲೇ ಪೆಡಲ್ ಒತ್ತುತ್ತಿದ್ದಿರಿ. ಮುರಿದ ತುದಿ ಯಾವಾಗ ಹೊಕ್ಕಿತೋ ನಿಮಗೇ ಗೊತ್ತಿರಲಿಲ್ಲ. ಕಸ ಗುಡಿಸುತ್ತಿದ್ದ ಅತ್ತೆ ನೆಲದ ಮೇಲೆ ರಕ್ತದ ಕಲೆ ನೋಡಿ, ಕಲೆಯ ಹಿಂದೆಯೇ ಹೋಗಿ, ನಿಮ್ಮ ಕಾಲು ಹಿಡಿದು ಎತ್ತಿದರು. ನೋಯಲಿಲ್ಲವಾ ಅಂತ ಕೇಳಿದರೆ ನೀವು ನಕ್ಕಿರಿ. ಇಷ್ಟು ವರ್ಷ ಹೊಲಿದ ಕಾಲು, ಗಟ್ಟಿಯಾಗಿದೆ ಅಂದಿರಿ. ಗಟ್ಟಿಯಾಗಿರಲಿಲ್ಲ ಮಾವ, ಸ್ಪರ್ಶವೇ ಹೋಗಿತ್ತು. ಅದು ಶುಗರಿನ ಕೆಲಸ ಅಂತ ನಮಗೆ ತಿಳಿದದ್ದು ಗಾಯ ಮಾಯದೇ ಕೀವು ಕಟ್ಟಿದ ಮೇಲೆ.

ಆಸ್ಪತ್ರೆಯಲ್ಲಿ ಆ ಡಾಕ್ಟರು ನಿಮ್ಮ ಮುಖ ನೋಡದೇ ಮಾತಾಡಿದ್ದು ನನಗೆ ಈಗಲೂ ಸಿಟ್ಟು ತರಿಸುತ್ತದೆ. ಕೆಟ್ಟವರಲ್ಲ, ಹೊರಗೆ ನಿಂತ ಜನವೇ ಅಷ್ಟಿತ್ತು. ಗೋಡೆಗೆ ಅಂಟಿಸಿದ ಕಪ್ಪಾದ ಕಾಲುಗಳ ಚಿತ್ರದ ಕಡೆ ಪೆನ್ನು ತೋರಿಸಿ, ಸೂಜಿ ತಗೊಳ್ಳದಿದ್ದರೆ ಇದೇ ಗತಿ, ಬಲಗಾಲು ತೆಗೆಯಬೇಕಾಗುತ್ತದೆ ಅಂದರು. ಆಂಧ್ರದ ಆಸ್ಪತ್ರೆಯಲ್ಲವೇ, ಕೊನೆಗೆ ತೆಲುಗಿನಲ್ಲಿ ಒಂದು ಮಾತು: ‘ಜೀವಿತಾಂತಂ ವೇಸುಕೋವಾಲಿ.’ ಬದುಕಿರುವ ತನಕ ಹಾಕಿಕೊಳ್ಳಬೇಕು ಅಂತ ಅರ್ಥ. ನಿಮಗೇನು ತೆಲುಗು ಬರುವುದಿಲ್ಲವೇ? ಸಂತೆಯಲ್ಲಿ ಕುರಿ ಚೌಕಾಸಿ ಮಾಡುವಾಗ ತೆಲುಗಿನವರಿಗಿಂತ ಚೆನ್ನಾಗಿ ಮಾತಾಡುತ್ತಿದ್ದವರು ನೀವು. ಆದರೆ ಅವತ್ತು ‘ಜೀವಿತ’ ಅನ್ನುವ ಮೊದಲರ್ಧ ನಿಮ್ಮ ಕಿವಿಗೆ ಬೀಳಲಿಲ್ಲ, ‘ಅಂತ’ ಅನ್ನುವುದೊಂದೇ ಬಿತ್ತು, ಕೊನೆಗಾಲ ಬಂತು ಅಂದ ಹಾಗೆ ಕೇಳಿಸಿತು. ಮನೆಗೆ ಬಂದು ಅತ್ತೆಗೆ, ‘ನನ್ನ ಅಂತ ಬಂದೈತಂತ, ಡಾಕ್ಟರ ಅಂದ’ ಅಂದಿರಿ. ನಾನು ಪಕ್ಕದಲ್ಲೇ ನಿಂತಿದ್ದೆ, ತಿದ್ದಿದೆ, ನೀವಿಬ್ಬರೂ ಕೇಳಿಸಿಕೊಳ್ಳಲಿಲ್ಲ.

ಸೂಜಿ ಅಂದರೆ ನಿಮಗೆ ಭಯವೇ? ಅದನ್ನು ನೆನೆದರೆ ನಗು ಬರುತ್ತದೆ. ಜ್ವರ ಬಂದಾಗ ಓಣಿಯ ಆರೆಂಪಿ ಡಾಕ್ಟರ್ ಬರೀ ಮಾತ್ರೆ ಕೊಟ್ಟು ಕಳಿಸಿದರೆ, ಇವನೂ ಒಬ್ಬ ಡಾಕ್ಟರಾ ಅಂತ ದಾರಿಯುದ್ದ ಬೈಯುತ್ತಿದ್ದವರು ನೀವು. ಸೊಂಟಕ್ಕೆ ಒಂದು ಚುಚ್ಚಿಸಿಕೊಂಡರೆ ಅರ್ಧ ರೋಗ ಅಲ್ಲೇ ಬಿಟ್ಟು ಬಂದೆ ಅನ್ನುತ್ತಿದ್ದಿರಿ. ಮಿಷನ್ ಸೂಜಿ ಬೆರಳಿನಲ್ಲಿ ಹೊಕ್ಕರೆ ಬಾಯಲ್ಲಿ ಚೀಪಿ ಮತ್ತೆ ಹೊಲಿಗೆಗೆ ಕೂರುತ್ತಿದ್ದಿರಿ. ಆದರೆ ಈ ಸಣ್ಣ ಸೂಜಿ ಬೇರೆ. ಓಬಳಾಪುರದಲ್ಲಿದ್ದ ನಿಮ್ಮ ಅಣ್ಣ ಇದೇ ಸೂಜಿ ಹತ್ತಿಸಿಕೊಂಡು ಕೆಲವೇ ದಿನದಲ್ಲಿ ತೀರಿಹೋದರು. ಆಸ್ಪತ್ರೆಗೆ ತಡವಾಗಿ ಹೋಗಿದ್ದರು ಅನ್ನುವುದನ್ನು ಯಾರೂ ನೆನಪಿಡಲಿಲ್ಲ, ಸೂಜಿ ಹತ್ತಿತು ಮನುಷ್ಯ ಹೋದ ಅನ್ನುವುದು ಮಾತ್ರ ನಮ್ಮ ಮನೆಯಲ್ಲಿ ಉಳಿದುಬಿಟ್ಟಿತು. ಹೆದರಿಸಿದರೆ ಹೆದರಿ ಒಪ್ಪುತ್ತೀರಿ ಅಂತ ಡಾಕ್ಟರು ಲೆಕ್ಕ ಹಾಕಿದ್ದರೇನೋ. ನೀವು ಹೆದರಿದಿರಿ, ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿರಿ.

ಆಸ್ಪತ್ರೆಯ ನರ್ಸ್ ಸರೋಜಮ್ಮ ಸಿಸ್ಟರ್ ನಮ್ಮ ಮನೆ ಹುಡುಕಿಕೊಂಡು ಬಂದ ದಿನ ನೀವು ಪ್ಯಾಂಟಿಗೆ ಗುಂಡಿಯ ಕಾಜಾ ಹೊಡೆಯುತ್ತಿದ್ದಿರಿ. ಬಾಗಿಲಲ್ಲಿ ಬಿಳಿ ಸೀರೆ ಕಂಡ ಕೂಡಲೇ ಪ್ಯಾಂಟಿನ ರಾಶಿಯ ಹಿಂದೆ ತಲೆ ತಗ್ಗಿಸಿದಿರಿ, ಮರೆಯಾದೆ ಅಂದುಕೊಂಡಿರಿ. ಮಡಕಶಿರಾ ಕಡೆಯ ಹೆಂಗಸು, ಮನೆಯಲ್ಲಿ ಹಿಪ್ಪುನೇರಳೆ ಬೆಳೆಯುತ್ತಾರಂತೆ, ಮಾತು ನಮ್ಮ ಹಾಗಲ್ಲ, ಸಿರಾದ ಕಡೆಯವರ ಹಾಗೆ. ನಿಮ್ಮ ಗಾಯ ತೊಳೆದು ಕಟ್ಟಿದರು, ಬೈಯಲಿಲ್ಲ. ಇನ್ಸುಲಿನ್ ಸೂಜಿ ಕೈಗೆ ಕೊಟ್ಟರು. ನೀವು ಅದನ್ನು ಬೆಳಕಿಗೆ ಹಿಡಿದು, ಇಷ್ಟು ತೆಳ್ಳಗಿನ ಸೂಜಿಯಲ್ಲಿ ಯಾವ ಬಟ್ಟೆ ಹೊಲಿಯುವುದು ಅಂದಿರಿ. ಅವರೂ ನಕ್ಕರು. ಬರೀ ನೀರು ತುಂಬಿಸಿ ಕೈ ಪಳಗಿಸಿಕೊಳ್ಳಿ ಅಂತ ಚೀಲದಿಂದ ಒಂದು ನಿಂಬೆಹಣ್ಣು ತೆಗೆದು, ಅದಕ್ಕೆ ಹೇಗೆ ಚುಚ್ಚುವುದು ಅಂತ ತೋರಿಸಿ, ಹಣ್ಣು, ಸೂಜಿ ಎರಡನ್ನೂ ಬಿಟ್ಟು ಹೋದರು. ತರಬೇತಿಯಲ್ಲಿ ಅವರಿಗೆ ಕಿತ್ತಳೆಹಣ್ಣು ಕೊಟ್ಟು ಕಲಿಸಿದ್ದರಂತೆ. ಕಿತ್ತಳೆ ಸಿಗದ ದಿನ ನಿಂಬೆಹಣ್ಣು ಸಾಕು ಅಂದುಕೊಂಡಿದ್ದಾರೆ, ಅಷ್ಟೇ.

ಆಮೇಲೆ ಆದದ್ದನ್ನು ನೆನೆದು ನೀವೇ ಎಷ್ಟು ಸಲ ನಕ್ಕಿದ್ದೀರಿ, ಆದರೆ ಅವತ್ತು ನಗುವ ಹಾಗಿರಲಿಲ್ಲ. ನೀವು ಒಂದು ಸಲ ಚುಚ್ಚಿ ನೋಡಿ, ಸೂಜಿ ಹಣ್ಣಿನಲ್ಲೇ ಬಿಟ್ಟು, ಮಿಷನ್ ಹಲಗೆಯ ಮೇಲಿಟ್ಟು ಚಹಾಕ್ಕೆ ಹೋದಿರಿ. ಹಿಟ್ಟಿನ ಗಿರಣಿಯಿಂದ ಅತ್ತೆ ಬಂದರು. ಗಂಡನ ಮಿಷನ್ ಮೇಲೆ ನಿಂಬೆಹಣ್ಣು, ಅದರಲ್ಲಿ ಸೂಜಿ! ಯಾವ ಹೆಂಗಸು ತಾನೇ ಸುಮ್ಮನಿದ್ದಾಳು? ತಲೆಯ ಮೇಲಿನ ಹಿಟ್ಟಿನ ಡಬ್ಬಿ ಅಲ್ಲೇ ಬಿತ್ತು. ಮಾಟ ಮಾಡಿಸಿದವನು ಇವನೇ ಅಂತ ಬೀದಿಯ ಇನ್ನೊಬ್ಬ ಟೇಲರನ ಹೆಸರು ಮೂರು ಮನೆಗೆ ಕೇಳುವ ಹಾಗೆ ಕೂಗಿದರು. ಪಾಪ, ಹಿಂದಿನ ವಾರ ನಿಮಗಿಂತ ಹೆಚ್ಚು ಪ್ಯಾಂಟು ಹೊಲಿದಿದ್ದೇ ಆ ಮನುಷ್ಯನ ತಪ್ಪು. ಹಣ್ಣನ್ನು ಕೈಯಲ್ಲಿ ಮುಟ್ಟದೆ ಇಕ್ಕಳದಲ್ಲಿ ಹಿಡಿದು, ಸರ್ಕಾರಿ ಸೂಜಿಯ ಸಮೇತ ಮೂರುದಾರಿ ಕೂಡುವಲ್ಲಿ ಎಸೆದು ಬಂದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಯೆಲ್ಲ ಘಾಟು. ಕೆಮ್ಮುತ್ತಾ ನೀವು, ಅದು ಆಸ್ಪತ್ರೆಯದು ಅಂದಿರಿ. ಅತ್ತೆ ಅದಕ್ಕೆ ಇನ್ನೂ ಕೆಂಡವಾದರು: ‘ಅಂದ್ರ ಚುಚ್ಚಿದ ಹಣ್ಣ ನೀವ ನಿಮ್ಮ ಕೈಲೆ ಮನಿಯಾಗ ಇಟ್ಕೊಂಡ್ರಿ?’ ನಿಮ್ಮ ಮುಖ ನೋಡಿದೆ ಮಾವ. ನೀವೂ ಅರ್ಧ ನಂಬಿಬಿಟ್ಟಿದ್ದಿರಿ. ಆ ರಾತ್ರಿಯಿಂದ ಸೂಜಿಯ ಮಾತೇ ಮನೆಯಲ್ಲಿ ಬಂದ್ ಆಯಿತು. ಗಾಯ ಮಾತ್ರ ದೊಡ್ಡದಾಗುತ್ತಿತ್ತು.

ನಾನೇ ಆಸ್ಪತ್ರೆಗೆ ಹೋಗಿ ಸಿಸ್ಟರಿಗೆ ಇದನ್ನೆಲ್ಲ ಹೇಳಿದ್ದು ನಿಮಗೆ ಆಮೇಲೆ ಗೊತ್ತಾಯಿತು. ಓದದ ಜನ ಅಂತ ನಗುತ್ತಾರೆ ಅಂದುಕೊಂಡೇ ಹೋಗಿದ್ದೆ. ಅವರು ತಲೆಯ ಮೇಲೆ ಕೈಯಿಟ್ಟುಕೊಂಡರು. ‘ನಮ್ಮೂರಲ್ಲೂ ಹಂಗೇ ಕಣಮ್ಮ. ನಮ್ಮಮ್ಮ ಆಗಿದ್ರೆ ನನ್ನನ್ನೇ ಆಚೆ ಹಾಕಿರೋರು. ನಾನೇ ಯೋಚ್ನೆ ಮಾಡ್ಬೇಕಾಗಿತ್ತು’ ಅಂದರು. ಮಾರನೇ ದಿನ ಬರುವಾಗ ಬಾಳೆಹಣ್ಣು ತಂದರು. ಮೊದಲು ಅತ್ತೆಯ ಹತ್ತಿರ ಹೋಗಿ, ಇದಕ್ಕೆ ಚುಚ್ಚಿದರೆ ಅಡ್ಡಿಯಿಲ್ಲವಾ ಅಂತ ಕೇಳಿದರು. ಅತ್ತೆ ಹಣ್ಣನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ದೇವರ ಮುಂದೆ ಊದಿನಕಡ್ಡಿಯನ್ನು ಬಾಳೆಹಣ್ಣಿಗೇ ತಾನೆ ಚುಚ್ಚುವುದು, ಅಡ್ಡಿಯಿಲ್ಲ ಅಂದರು. ನಮ್ಮ ಮನೆಯಲ್ಲಿ ಅತ್ತೆಯ ಅಪ್ಪಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡದು ಅಂತ ಅವರಿಗೆ ಯಾರು ಹೇಳಿದ್ದರೋ!

ಅವತ್ತು ಸಿಸ್ಟರ್ ನಿಮಗೆ ಏನೂ ಹೇಳಲಿಲ್ಲ, ಬರೀ ಕೇಳಿದರು. ನಿಮಗೆ ಏನನ್ನಿಸುತ್ತದೆ, ಸೂಜಿ ಹಾಕಿಕೊಂಡರೆ ಏನಾಗುತ್ತದೆ ಅಂತ. ನೀವು ಅಣ್ಣನ ಸುದ್ದಿ ಹೇಳಿದಿರಿ. ‘ಅಂತ’ದ ಸುದ್ದಿ ಹೇಳಿದಿರಿ. ಸಾಯುವ ತನಕ ಅಂದರೆ ಸಾವು ಬಂದು ಮನೆಯಲ್ಲೇ ಕೂತ ಹಾಗಲ್ಲವೇ ಅಂದಿರಿ. ಅಷ್ಟು ಮಾತು ನಿಮ್ಮ ಹೊಟ್ಟೆಯಲ್ಲಿತ್ತು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರು ಎಲ್ಲ ಕೇಳಿಸಿಕೊಂಡು, ಆರ್ಡರ್ ಕೊಡುವ ಪಾರ್ಟಿ ಬಂದು ಪ್ಯಾಂಟಿನ ದೊಡ್ಡ ಲಾಟ್ ಹೊಲಿಯಿರಿ ಅಂದರೆ ಮೊದಲು ಏನು ಮಾಡುತ್ತೀರಿ ಅಂತ ಕೇಳಿದರು. ಇದೆಂಥ ಪ್ರಶ್ನೆ ಅನ್ನುವ ಹಾಗೆ ನೀವು, ಸ್ಯಾಂಪಲ್ ಪೀಸ್ ಹೊಲಿದು ತೋರಿಸುತ್ತೇವೆ ಅಂದಿರಿ. ಹಾಗಾದರೆ ಇದನ್ನೂ ಸ್ಯಾಂಪಲ್ ಅಂದುಕೊಳ್ಳಿ, ಗಾಯ ಮಾಯುವ ತನಕ ಮಾತ್ರ ಹಾಕಿಕೊಳ್ಳಿ, ಆಮೇಲೆ ಮಾತ್ರೆ ಸಾಕೋ ಸೂಜಿಯೇ ಬೇಕೋ ಆಗ ನೋಡೋಣ ಅಂದರು. ಸುಳ್ಳು ಹೇಳಲಿಲ್ಲ, ಬೇಕಾಗಬಹುದು ಅಂತಲೂ ಅಂದರು. ನೀವು ಅಂಗಿ ಮೇಲೆತ್ತಿ, ‘ಸ್ಯಾಂಪಲ್ಲಿಗೆ ಇಲ್ಲ ಅಂದ್ರ ಟೇಲರ ಹೆಂಗ ಆದೇನು’ ಅಂದಿರಿ.

ಸಿಸ್ಟರ್ ಪಟ್ಟಿ ಬಿಚ್ಚಿ ಗಾಯದ ಜಾಗದಲ್ಲಿ ಹೊಸ ಚರ್ಮ ತೋರಿಸಿದ ಬೆಳಿಗ್ಗೆ ನೀವು ಬೀದಿಯವರಿಗೆಲ್ಲ ಕಾಲು ಎತ್ತಿ ತೋರಿಸಿದಿರಿ. ಅತ್ತೆಗೆ ಮರ್ಯಾದೆಯೇ ಹೋಯಿತು. ಕಾಲು ಉಳಿಯಿತು ಮಾವ, ಅದೇ ಕಾಲಲ್ಲಿ ಮತ್ತೆ ಪೆಡಲ್ ಒತ್ತಿದಿರಿ. ಮಿಷನ್ ಮುಂದೆ ಚಪ್ಪಲಿ ಹಾಕುವುದಕ್ಕೂ ಒಂದು ದಾರಿ ಕಂಡುಕೊಂಡಿರಿ: ಹೊಸ್ತಿಲು ದಾಟದ ಚಪ್ಪಲಿ, ಒಳಗಿನದು ಒಳಗೇ. ಲಕ್ಷ್ಮಿ ಅದಕ್ಕೆ ಸಿಟ್ಟಾಗಲಿಲ್ಲ. ಸ್ಯಾಂಪಲ್ ಮುಗಿದ ಮೇಲೂ ಸೂಜಿ ಬಿಡಲಿಲ್ಲ, ಯಾರೂ ಹೇಳದೇ ಮುಂದುವರಿಸಿದಿರಿ. ಹೊಸದಾಗಿ ಸೂಜಿ ಶುರುವಾದವರ ಮುಂದೆ ಆಸ್ಪತ್ರೆ ಪಡಸಾಲೆಯಲ್ಲಿ ಕೂತು, ಹೊಟ್ಟೆಯ ಚರ್ಮ ಹೇಗೆ ಹಿಡಿಯಬೇಕು ಅಂತ ತೋರಿಸುವ ಮಟ್ಟಕ್ಕೆ ಬಂದಿರಿ. ತೋರಿಸುವುದಕ್ಕಿಂತ ಹರಟೆಯೇ ಜಾಸ್ತಿ ಅಂತ ಸಿಸ್ಟರ್ ದೂರುತ್ತಿದ್ದರು.

ಇಷ್ಟು ಗೊತ್ತಿದ್ದ ಮೇಲೆ ನಿಮ್ಮ ಮಗನನ್ನು ಒಪ್ಪಿಸುವುದೇನು ಮಹಾ? ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಅಷ್ಟು ವರ್ಷ ದುಡಿದು ನೀವಿರುವಾಗಲೇ ಊರಿಗೆ ಬಂದವರು, ಈಗ ನಿಮ್ಮ ಮಿಷನ್ ರೂಮನ್ನೇ ನಡೆಸುತ್ತಿದ್ದಾರೆ, ಸ್ಯಾಂಪಲ್ ಅಂದರೆ ತಿಳಿಯದವರೇ? ಹೇಳಿದೆ. ‘ಸ್ಯಾಂಪಲ್ ಗೀಂಪಲ್ ಅಪ್ಪಗ ಹೇಳ್ಬೇಕಿತ್ತು, ನನಗಲ್ಲ’ ಅಂದರು. ಬಾಳೆಹಣ್ಣು ತಂದು ಮುಂದಿಟ್ಟೆ. ಸುಲಿದು ತಿಂದುಬಿಟ್ಟರು, ಶುಗರ್ ಇರುವ ಮನುಷ್ಯ! ಕಣ್ಣು ಹೋದರೆ ಜಿಪ್ಪು ಹೇಗೆ ಕೂಡಿಸುತ್ತೀರಿ ಅಂತ ಹೆದರಿಸಿದೆ. ಆ ಡಾಕ್ಟರು ನಿಮಗೆ ಮಾಡಿದ್ದನ್ನೇ ಮಾಡುತ್ತಿದ್ದೇನೆ ಅಂತ ಆಗ ಹೊಳೆಯಲಿಲ್ಲ. ಅವರು ಮಾತೇ ಬಿಟ್ಟರು. ಸಿಟ್ಟು ಬಂತು, ಅಳುವೂ ಬಂತು. ಸರೋಜಮ್ಮ ಸಿಸ್ಟರ್ ಈಗಲೂ ಇಲ್ಲೇ ಇದ್ದಾರೆ, ಅವರ ಹತ್ತಿರ ಹೋಗಿ ಹೇಳಿಕೊಂಡೆ. ನಿಮ್ಮ ಮಾವನಿಗೆ ನಾನು ಕೇಳಿದ್ದನ್ನು ನಿಮ್ಮ ಯಜಮಾನರಿಗೆ ಯಾರಾದರೂ ಕೇಳಿದ್ದೀರಾ ಅಂದರು. ಇಲ್ಲ. ಮಾವನ ಭಯವೇ ಮಗನದ್ದೂ ಅಂತ ನಾನೇ ತೀರ್ಮಾನ ಮಾಡಿದ್ದೆ.

ಮೊನ್ನೆ ಮಧ್ಯಾಹ್ನ ಕರೆಂಟು ಹೋಗಿ ಎಲ್ಲ ಮಿಷನ್ ಒಟ್ಟಿಗೇ ನಿಂತಾಗ ಕೇಳಿದೆ. ಕೆಲಸದವರು ಚಹಾಕ್ಕೆ ಹೋಗಿದ್ದರು. ಸೂಜಿ ಹಾಕಿಕೊಂಡರೆ ಏನಾಗುತ್ತದೆ ಅಂತ ನಿಮಗೆ ಅನ್ನಿಸುತ್ತದೆ ಅಂತಷ್ಟೇ ಕೇಳಿದೆ, ಮುಂದೆ ಒಂದು ಮಾತೂ ಸೇರಿಸಲಿಲ್ಲ. ನನ್ನ ಬಾಯಿಗೆ ಅದೆಷ್ಟು ಕಷ್ಟ ಅಂತ ನಿಮಗೆ ಗೊತ್ತು. ನಿಮ್ಮ ಮಗ ಕತ್ತರಿ ಕೆಳಗಿಟ್ಟರು. ‘ನನಗ ಸೂಜಿ ಅಂಜಿಕಿ ಅಲ್ಲ. ಅಪ್ಪಗ ಕಡೀ ಸೂಜಿ ಹಾಕಿದಾವ ನಾನು. ಮುಂಜಾನಿ ಅಪ್ಪ ಹೋದ. ಅದ ಸೂಜಿ ನನ್ನ ಮೈಗೆ ಹೆಂಗ ಹಾಕ್ಕೊಳ್ಳಲಿ?’

ಆ ಸಂಜೆ ನಿಮಗೆ ನೆನಪಿರಬೇಕು, ನಾನು ಅಲ್ಲಿರಲಿಲ್ಲ. ನಿಮ್ಮ ಬಲಗೈ ಹೆಬ್ಬೆರಳಿಗೆ ಮಿಷನ್ ಸೂಜಿ ಹೊಕ್ಕು ಪಟ್ಟಿ ಕಟ್ಟಿದ್ದ ವಾರ. ಆ ವಾರವೆಲ್ಲ ನಾನೇ ಇನ್ಸುಲಿನ್ ಹಾಕುತ್ತಿದ್ದೆ, ಅವತ್ತು ಭೈರವಾನಿತಿಪ್ಪದ ತವರಿಗೆ ಹೋಗಿದ್ದೆ. ನಿಮ್ಮ ಮಗ ಮೊದಲ ಸಲ ಹಾಕಿದರು. ನೀವು ಸೂಜಿಯ ಮೇಲಿನ ಅಳತೆಯ ಗುರುತು ನೋಡಿ ಸರಿ ಇದೆ ಅಂದಿರಂತೆ, ರೊಟ್ಟಿ ಉಂಡಿರಂತೆ, ಮಾತಾಡುತ್ತಾ ಮಲಗಿದಿರಂತೆ. ಬೆಳಿಗ್ಗೆ ಎದ್ದು ಚಹಾ ಕುಡಿಯುತ್ತಿದ್ದಾಗ ಎದೆ ಹಿಡಿದುಕೊಂಡಿರಿ. ಆಟೋ ತಂದವರು ಅವರೇ, ಆಸ್ಪತ್ರೆಯಲ್ಲಿ ಔಷಧಿ ತರಲು ಹೊರಗೆ ಓಡಿದವರೂ ಅವರೇ, ವಾಪಸ್ ಬರುವಷ್ಟರಲ್ಲಿ ನೀವು... ಹಾರ್ಟ್ ಅಂತ ನನಗೆ ಅತ್ತೆ ಹೇಳಿದರು. ಅತ್ತೆಗೆ ಡಾಕ್ಟರು ಹೇಳಿದ್ದರು. ಮಗನಿಗೂ ಗೊತ್ತಿರುತ್ತದೆ ಅಂತ ಎಲ್ಲರೂ ಅಂದುಕೊಂಡೆವು. ಗೊತ್ತಿತ್ತು. ಆದರೆ ಅವರು ನಂಬಿದ್ದು ಬೇರೆ: ಹೆಚ್ಚು ಹಾಕಿಬಿಟ್ಟೆ, ಅದಕ್ಕೇ ಅಪ್ಪನ ಹಾರ್ಟು ನಿಂತಿತು ಅಂತ. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ ನನಗೆ ಇದು ತಿಳಿಯಲಿಲ್ಲವಲ್ಲ ಮಾವ.

ನಿನ್ನೆ ಕೈ ಹಿಡಿದುಕೊಂಡೇ ಸಿಸ್ಟರ್ ಹತ್ತಿರ ಕರೆದುಕೊಂಡು ಹೋದೆ. ಅತ್ತೆಯೂ ಬಂದರು. ನಿಮ್ಮ ಮಗ ತಲೆ ತಗ್ಗಿಸಿ ಅದೇ ಮಾತನ್ನು ಇನ್ನೊಮ್ಮೆ ಹೇಳಿದರು. ಸಿಸ್ಟರ್ ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತರು. ‘ಅವತ್ತು ಡ್ಯೂಟೀಲಿದ್ದಿದ್ದು ನಾನೇ ಕಣಪ್ಪ. ಬಂದ ತಕ್ಷಣ ಬೆರಳಿಗೆ ಚುಚ್ಚಿ ನೋಡ್ದೆ. ಸಕ್ಕರೆ ಕಮ್ಮಿ ಆಗಿರ್ಲಿಲ್ಲ. ಸೂಜಿ ಹೆಚ್ಚಾಗಿ ಹೋಗೋರಿಗೆ ಸಕ್ಕರೆ ಪೂರಾ ಇಳಿದಿರುತ್ತೆ. ನಿಮ್ಮಪ್ಪಂಗೆ ಇಳಿದಿರ್ಲಿಲ್ಲ. ನೀನು ಹಾಕಿದ್ದು ಸರಿಯಾಗೇ ಇತ್ತು’ ಅಂದರು. ಬೆವರು, ನಡುಕ, ಹಸಿವು, ಮಾತು ತೊದಲುವುದು, ಎದೆ ಹಿಡಿದುಕೊಳ್ಳುವ ಮೊದಲು ಇವುಗಳಲ್ಲಿ ಯಾವುದಾದರೂ ಇತ್ತಾ ಅಂತ ಅತ್ತೆಯನ್ನು ಕೇಳಿದರು. ಅತ್ತೆ ಇಲ್ಲ ಅಂದರು, ಚಹಾಕ್ಕೆ ಶುಂಠಿ ಸಾಲದು ಅಂತ ಜಗಳ ತೆಗೆದಿದ್ದರು ಅಂದರು. ನಿಮ್ಮ ಮಗ, ‘ಇದನ್ನ ಅವತ್ತ ಯಾಕ ಹೇಳಲಿಲ್ರಿ’ ಅಂದರು. ನೀನು ಕೇಳಲಿಲ್ಲ, ನಾವೂ ಹೇಳಲಿಲ್ಲ, ನಾವು ಹೇಳಬೇಕಿತ್ತು ಅಂದರು ಸಿಸ್ಟರ್. ಆಮೇಲೆ ನಿಮ್ಮ ಮಗ ಅತ್ತರು. ನೀವು ಹೋದ ದಿನ ಅಳದ ಮನುಷ್ಯ, ಅಲ್ಲಿ ಕುರ್ಚಿಯ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಅತ್ತೆ ಬೆನ್ನು ಸವರುತ್ತಾ ಬೈಯುತ್ತಲೇ ಇದ್ದರು.

ಇವತ್ತು ಬೆಳಿಗ್ಗೆ ಮೊದಲ ಸೂಜಿ ಆಯಿತು. ತಾವೇ ಹಾಕಿಕೊಂಡರು, ನನಗೂ ಮುಟ್ಟಗೊಡಲಿಲ್ಲ. ಕಣ್ಣು ಎಷ್ಟು ಉಳಿಯುತ್ತದೋ ಮುಂದೆ ನೋಡಬೇಕು, ಉಳಿಯುತ್ತದೆ ಅಂದಿದ್ದಾರೆ.

ಇನ್ನೊಂದು ಸುದ್ದಿ ಇದೆ, ಅದಕ್ಕೇ ಈ ಕಾಗದ. ನೀವು ಹೋದಾಗಿನಿಂದ ಪ್ರತಿ ವರ್ಷ ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆ ಬಂತೆಂದರೆ ನಿಮ್ಮ ಮಗನಿಗೆ ಬಳ್ಳಾರಿಯಲ್ಲಿ ಏನೋ ಕೆಲಸ ಬಂದುಬಿಡುತ್ತಿತ್ತು. ನಿಮಗೆ ಬಟ್ಟೆ ಇಟ್ಟು, ಹೋಳಿಗೆ ಬಡಿಸಿ ಎಡೆ ಇಡುತ್ತಿದ್ದವರು ನಾನು, ಅತ್ತೆ. ಅಪ್ಪನ ಮೇಲೆ ಇಷ್ಟೂ ಪ್ರೀತಿ ಇಲ್ಲವಾ ಅಂತ ಬೈದುಕೊಳ್ಳುತ್ತಿದ್ದೆವು. ನಿಮ್ಮ ಎಡೆಯ ಮುಂದೆ ನಿಲ್ಲುವ ಮುಖ ತನಗಿಲ್ಲ ಅಂತ ಅವರು ಹಾಗೆ ಮಾಡುತ್ತಿದ್ದರಂತೆ. ಇವತ್ತು ಸೂಜಿ ಹಾಕಿಕೊಂಡು, ಅಂಗಿ ಇಳಿಸಿಕೊಳ್ಳುತ್ತಾ, ‘ಈ ಸಲ ಅಪ್ಪಗ ಎಡಿ ನಾನ ಇಡ್ತೀನಿ’ ಅಂದರು. ಬರ್ರಿ ಮಾವ, ನಿಮ್ಮ ಮಗ ಮನೆಯಲ್ಲಿರುತ್ತಾರೆ.

ನಿಮ್ಮ ಸೊಸೆ,
ಹುಲಿಗೆಮ್ಮ